ತಳವಿಲ್ಲದ ಹಂಡೆ

ನಸೀಮಾಬಿ ಬಚ್ಚಲುಮನೆಯ ಮೂಲೆಮೂಲೆ ತಡಕಿ, ಒಂದು ಚಿಕ್ಕ ಚರಿಗೆ ಹಿಡಿದು ಹೊರಬಂದಳು. ಅಣ್ಣ ದಾದೇಸಾಬ ಪಡಸಾಲೆಯಲ್ಲಿ ತಣ್ಣಗೆ ಮಲಗಿದ್ದ. ಮಧ್ಯಾಹ್ನದ ನಮಾಜಿಗೆ ಮೊದಲು ಅವನ ಕೊನೆಯ ಸ್ನಾನ ಆಗಬೇಕು. ನೀರು ಕಾಯಿಸಲು ಮನೆಯಲ್ಲಿ ಹಂಡೆಯೇ ಇಲ್ಲ.

“ಭಾಬಿ, ನಿನ್ನ ಲಗ್ನದ ತಾಮ್ರದ ಹಂಡೆ ಎಲ್ಲೈತಿ?”

ಮಾಶಾಬಿ ಗಂಡನ ತಲೆಯ ಬಳಿಯಿಂದ ಏಳದೆ ಅಂಗಳದತ್ತ ಕೈ ತೋರಿಸಿದಳು. ಅಲ್ಲಿ ತಳ ಕೊಯ್ದ ಹಂಡೆಯೊಂದನ್ನು ನೆಲಕ್ಕೆ ಹುಗಿದಿದ್ದರು. ಅದರೊಳಗಿಂದ ಮಲ್ಲಿಗೆ ಬಳ್ಳಿ ಎದ್ದು ಗೋಡೆ ಹತ್ತಿತ್ತು.

“ತಳ ಎಲ್ಲಿ ಹೋತು?”

“ಎಂಜಿನ್ನಿನಾಗ ಐತಿ.” ಬೆಳಗಿನಿಂದ ಅಳುತ್ತಿದ್ದವಳ ದನಿಗೆ ಆ ಒಂದು ಮಾತಿನಲ್ಲಿ ಗತ್ತು ಬಂದಿತ್ತು.

*

ಆ ಎಣ್ಣೆ ಎಂಜಿನ್ ಮೊದಲು ಹಾಯಿದೋಣಿಯೊಂದರ ಹೊಟ್ಟೆಯಲ್ಲಿತ್ತು. ಗಾಳಿ ನಿಂತಾಗ ದೋಣಿ ನಡೆಸುವುದು ಅದರ ಕೆಲಸ. ದೋಣಿ ಮುರಿದ ಮೇಲೆ ಸಾಹುಕಾರ ಹಂಪಣ್ಣ ಅದನ್ನು ಮುಂಬಯಿಯಲ್ಲಿ ಅಗ್ಗಕ್ಕೆ ಹಿಡಿದ. ಕೊಪ್ಪಳದವರೆಗೆ ರೈಲಿನಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ತರಿಸಿ, ಗಂಗಾವತಿಯ ತನ್ನ ಅಕ್ಕಿ ಗಿರಣಿಯಲ್ಲಿ ಕೂರಿಸಿದ. ಹೊಳೆ ಬಿಟ್ಟು ಬೇರೆ ನೀರು ಕಾಣದ ದಾದೇಸಾಬ ಅದರ ಮಿಸ್ತ್ರಿಯಾದ. ಉಪ್ಪು ತಿಂದ ಕಬ್ಬಿಣವನ್ನು ಉಜ್ಜಿ ಉಜ್ಜಿ ಬೆಳಗಿಸಿದ. ಭತ್ತ ತಂದವರು ಅವಸರ ಮಾಡಿದರೆ, “ಇದು ಸಮುದ್ರ ದಾಟಿದ್ದೈತಿ, ನಿಮ್ಮ ಚೀಲ ಯಾವ ಲೆಕ್ಕರೀ?” ಎಂದು ಬಾಯಿ ಮುಚ್ಚಿಸುತ್ತಿದ್ದ.

ಮಹಾಯುದ್ಧ ಶುರುವಾಗಿ ಎರಡನೆಯ ವರ್ಷಕ್ಕೆ ಮುಂಬಯಿಯಿಂದ ಸಾಮಾನು ಬರುವುದು ನಿಂತಿತು. ಅದೇ ಹೊತ್ತಿಗೆ ಎಂಜಿನ್ನಿನ ತಲೆಯ ಕೆಳಗೆ ಹೊಗೆ ಸೋರದಂತೆ ಬಿಗಿದಿದ್ದ ತಾಮ್ರದ ಬಳೆ ಸುಟ್ಟು, ಗಿರಣಿ ಕೆಟ್ಟು ಕೂತಿತು. ದಾದೇಸಾಬ ಕುಷ್ಟಗಿ, ಯಲಬುರ್ಗಾ ಸುತ್ತಿದ. ಅಷ್ಟು ದಪ್ಪ ತಾಮ್ರ ಎಲ್ಲೂ ಸಿಗಲಿಲ್ಲ. ಮನೆಗೆ ಬಂದವನು ಬಚ್ಚಲಲ್ಲಿ ಕೂತು ಹಂಡೆಯ ತಳವನ್ನು ಬೆರಳಿನಿಂದ ತಟ್ಟತೊಡಗಿದ.

“ತಟ್ಟಿದ್ದು ಸಾಕು, ಕೊಯ್ರಿ,” ಎಂದಳು ಮಾಶಾಬಿ. “ಆದ್ರ ಜಳಕಕ್ಕ ಬಿಸಿನೀರು?”

“ಎಂಜಿನ್ ಕೊಡತೈತಿ.”

ಕಮ್ಮಾರ ಗವಿಸಿದ್ದಪ್ಪ ತಾಮ್ರ ಕಾಯಿಸಿ ಬಳೆ ಮಾಡಿಕೊಟ್ಟ. ಎಂಜಿನ್ನಿನ ಮೈ ತಂಪು ಮಾಡಿ ಗೋಡೆಯ ಕೊಳವೆಯಿಂದ ಹೊರಬೀಳುವ ನೀರು ಒಳ್ಳೆ ಬಿಸಿಯಿರುತ್ತಿತ್ತು. ಮಿಸ್ತ್ರಿಯ ಮನೆ ನಾಲ್ಕು ವರ್ಷ ಆ ನೀರಿನಲ್ಲೇ ಮಿಂದಿತು.

*

“ನೆರಮನಿ ಹಂಡೆ ತರ್ತೀನಿ,” ಎಂದಳು ನಸೀಮಾಬಿ.

“ಬ್ಯಾಡ. ನಮ್ಮನಿಯವರಿಗೆ ಇವತ್ತೂ ಎಂಜಿನ್ನಿನ ನೀರ ಆಗಬೇಕು.” ಮಾಶಾಬಿ ಬಾಗಿಲಲ್ಲಿ ನಿಂತಿದ್ದ ಕಮ್ಮಾರನ ಕಡೆ ತಿರುಗಿದಳು. “ಗವಿಸಿದ್ದಣ್ಣಾ, ಎಂಜಿನ್ ಚಾಲೂ ಮಾಡ್ರಿ.”

ಅವನ ಪಕ್ಕದಲ್ಲಿದ್ದ ಹಂಪಣ್ಣ ತಲೆ ತಗ್ಗಿಸಿದ. “ಅದು ಮಿಸ್ತ್ರೀನ್ನ ಬಿಟ್ಟು ಯಾರ ಮಾತೂ ಕೇಳಂಗಿಲ್ಲವ್ವಾ. ಅವ ಹಾಸಿಗಿ ಹಿಡದು ಹತ್ತು ದಿನ ಆತು, ಅದೂ ಮಲಗೈತಿ. ಗುಜರಿಯವಗ ಹೇಳೇನಿ. ನಾಳೆ ಒಡದು ಒಯ್ತಾನ.”

“ಒಡದು? ನನ್ನ ಹಂಡೆ ಕೂಡಾನ?” ಮಾಶಾಬಿ ಎದ್ದೇ ನಿಂತಳು. “ಇವತ್ತು ಚಾಲೂ ಆದ್ರ ಸಾವಕಾರ್ರ?”

“ಆದ್ರ ಇರತೈತಿ. ನನಗೇನು ಅದರ ಮ್ಯಾಲ ಸಿಟ್ಟೇನು?”

ಗಿರಣಿ ಮಿಸ್ತ್ರಿಯ ಮನೆಯ ಗೋಡೆಗೇ ಅಂಟಿಕೊಂಡಿತ್ತು. ಗವಿಸಿದ್ದಪ್ಪ ಉರಿ ಹಚ್ಚಿ ಎಂಜಿನ್ನಿನ ತಲೆಯನ್ನು ಕೆಂಪಗೆ ಕಾಯಿಸಿದ. ದೊಡ್ಡ ಚಕ್ರವನ್ನು ಮುಂದಕ್ಕೆ ಎಳೆದ. ಅದು ಬುಸ್ಸೆಂದು ಸುಮ್ಮನಾಯಿತು. ಹಂಪಣ್ಣ ಬಿಳಿ ಅಂಗಿಯ ತೋಳು ಮಡಚಿ ತಾನೂ ಕೈ ಹಚ್ಚಿದ. ಮತ್ತೆ ಬುಸ್ಸೆಂದಿತು. ಅಂಗಳದಲ್ಲಿ ಮುಲ್ಲಾ ನಮಾಜಿಗೆ ಹೊತ್ತಾಯಿತೇನೋ ಎಂದು ನೆರಳು ನೋಡುತ್ತಿದ್ದ.

ಗೋಡೆಗೆ ಕಿವಿಯಿಟ್ಟಿದ್ದ ಮಾಶಾಬಿಗೆ ತಡೆಯಲಾಗಲಿಲ್ಲ.

“ಗವಿಸಿದ್ದಣ್ಣಾ, ಅದರ ಜೋಡಿ ಗುದ್ದಾಡಬ್ಯಾಡ್ರಿ! ಚಕ್ರ ಹಿಂದಕ್ಕ ತಿರುವ್ರಿ. ಬಿಗಿ ಹಿಡಿತೈತಲ್ಲ, ಅಲ್ಲಿ ಕೈ ಬಿಡ್ರಿ. ತಾನ ಮುಂದಕ್ಕ ಜಿಗೀತೈತಿ. ದಿನಾ ಮುಂಜಾನೆ ಚಾ ಒಯ್ದಾಗ ನೋಡೇನಿ!”

“ಹಿಂದಕ್ಕೇನು?” ಎಂದು ಹಂಪಣ್ಣ ಗೊಣಗಿದ. ಆದರೂ ಇಬ್ಬರೂ ತಿರುವಿದರು.

ಧಡ್! ಆಮೇಲೆ ಏನೂ ಇಲ್ಲ. ಮಾಶಾಬಿ ಕಿವಿಯನ್ನು ಗೋಡೆಗೆ ಇನ್ನೂ ಒತ್ತಿದಳು. ಮತ್ತೊಂದು ಧಡ್. ಆಮೇಲೆ ಅದು ನಿಲ್ಲಲಿಲ್ಲ. ಅಡುಗೆಮನೆಯ ಪಾತ್ರೆಗಳೆಲ್ಲ ಕಿಣಿಕಿಣಿಗುಟ್ಟಿದವು.

ಕೊಳವೆಯ ಕೆಳಗೆ ಕೊಡ ಹಿಡಿದು ಕಾದಿದ್ದ ನಸೀಮಾಬಿ ನೀರಿಗೆ ಕೈಯೊಡ್ಡಿ, “ಭಾಬಿ, ಬಿಸಿ ಬಂತು!” ಎಂದು ಕೂಗಿ ಅಳತೊಡಗಿದಳು. ಆ ನೀರಿಗೆ ಪದ್ಧತಿಯಂತೆ ಬಾರಿಹಣ್ಣಿನ ಗಿಡದ ಎಲೆ ಹಾಕಿ ಗಂಡಸರು ದಾದೇಸಾಬನನ್ನು ಮೀಯಿಸಿದರು. ಎಷ್ಟು ತಿಕ್ಕಿದರೂ ಅವನ ಉಗುರಿನ ಕಪ್ಪು ಹೋಗಲಿಲ್ಲ.

“ಇರ್ಲಿ ಬಿಡ್ರಿ,” ಎಂದ ಮುಲ್ಲಾ. “ದುಡದ ಕೈ.”

ಜನಾಜಾದ ಮಂಚ ಎತ್ತುವಾಗ ಗವಿಸಿದ್ದಪ್ಪ ಎಂಜಿನ್ ನಿಲ್ಲಿಸಲು ಗಿರಣಿಗೆ ಹೊರಟ. ಹಂಪಣ್ಣ ಅವನ ತೋಳು ಹಿಡಿದ.

“ಓಡ್ಲಿ ಬಿಡು. ಗುಜರಿಯವಗ ಬರಬ್ಯಾಡ ಅಂತ ಹೇಳಿ ಕಳಸ್ತೀನಿ.” ಎಣ್ಣೆ ಮೆತ್ತಿದ ಅಂಗಿಯಲ್ಲೇ ಮಿಸ್ತ್ರಿಗೆ ಹೆಗಲು ಕೊಟ್ಟ.

ಗಂಡಸರೆಲ್ಲ ಖಬರಸ್ತಾನದ ಕಡೆ ಹೋದ ಮೇಲೆ ನಸೀಮಾಬಿ ಉಳಿದ ಒಂದು ಕೊಡ ನೀರನ್ನು ಚೆಲ್ಲಲು ಎತ್ತಿದಳು. ಮಾಶಾಬಿ ಅದನ್ನು ಇಸಿದುಕೊಂಡು ಗೋಡೆಯ ಬುಡದಲ್ಲಿ, ಮಲ್ಲಿಗೆಯ ಹಂಡೆಯ ಪಕ್ಕ ಇಟ್ಟುಕೊಂಡು ಕೂತಳು. ನೀರು ಇನ್ನೂ ಬಿಸಿಯಿತ್ತು. ಗೋಡೆಯಾಚೆ ಎಂಜಿನ್ ಬಡಿದಾಗಲೆಲ್ಲ ಕೊಡದ ನೀರಿನಲ್ಲಿ ಒಂದೊಂದು ಸಣ್ಣ ಬಳೆ ಎದ್ದು, ಅಗಲವಾಗಿ, ಅಂಚು ಮುಟ್ಟುತ್ತಿತ್ತು.