ಎಡಗೈಯ ಪಂಚಮಿ

ಗುಳೇದಗುಡ್ಡದ ಹೊರಬದಿಗೆ ಒಂದು ಉದ್ದನೆಯ ಮನೆಯಿತ್ತು. ಪ್ಲೇಗಿಗೆ ಹೆದರಿ ಊರು ಬಿಟ್ಟವರಿಗೆಂದು ಒಬ್ಬ ಜವಳಿ ವ್ಯಾಪಾರಿ ಅದನ್ನು ಕಟ್ಟಿಸಿದ್ದ. ಬೇನೆ ಇಳಿದ ಮೇಲೆ ಜನ ತಮ್ಮ ತಮ್ಮ ಮನೆಗಳಿಗೆ ತಿರುಗಿ ಹೋದರು. ಹೋಗಲು ಮನೆಯೂ ಮನೆಯವರೂ ಉಳಿಯದಿದ್ದ ಕೆಲವು ಮುದುಕರು ಮಾತ್ರ ಅಲ್ಲೇ ಉಳಿದರು. ವ್ಯಾಪಾರಿ ಅವರನ್ನು ಎಬ್ಬಿಸಲಿಲ್ಲ. ಜೋಳ, ಬೇಳೆ ಕಳಿಸುತ್ತ ಬಂದ. ಅಡಿಗೆಗೂ ಆರೈಕೆಗೂ ಗುರುಸಿದ್ದವ್ವನನ್ನು ಇಟ್ಟ. ಊರಿನವರ ಬಾಯಲ್ಲಿ ಅದು ಮುದುಕರ ಛತ್ರವಾಯಿತು.

ಗುರುಸಿದ್ದವ್ವನಿಗೆ ಆಗ ನಲವತ್ತರ ಆಸುಪಾಸು. ಎಲ್ಲರ ಕೆಮ್ಮು, ಎಲ್ಲರ ಸಿಟ್ಟು ಅವಳಿಗೆ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಹೊಳಬಸಪ್ಪನ ಊಟವೊಂದೇ. ಕುಪ್ಪಸದ ಖಣ ನೇಯುವುದರಲ್ಲಿ ಹೆಸರು ಮಾಡಿದವನು ಅವನು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಕಾಲೆಳೆಯುತ್ತ ನಡೆಯುತ್ತಿದ್ದ, ಮಾತು ನೆಟ್ಟಗಿತ್ತು. ಆದರೆ ಎಡಗೈಯಲ್ಲಿ ಉಣ್ಣುವುದನ್ನು ನಾಲ್ಕು ಜನ ನೋಡಬಾರದೆಂದು ಪಂಕ್ತಿಗೆ ಬರುವುದನ್ನೇ ಬಿಟ್ಟಿದ್ದ. ಊಟದ ಗಂಗಾಳವನ್ನು ಕೋಣೆಗೆ ತರಿಸಿಕೊಂಡು ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಉಣ್ಣುತ್ತಿದ್ದ ಎಂದರೆ ಹೆಚ್ಚು ಹೇಳಿದಂತೆ; ಎರಡು ತುತ್ತು ತಿಂದು ದೂಡುತ್ತಿದ್ದ. ಮೈಮೇಲಿನ ಅಂಗಿ ತಿಂಗಳು ತಿಂಗಳಿಗೆ ಸಡಿಲಾಗುತ್ತಿತ್ತು.

"ಮುತ್ಯಾ, ಹೊರಗ ಬಂದು ಕೂಡ್ರಿ. ಎಲ್ಲಾರೂ ನಮ್ಮವರ ಅದಾರ," ಎಂದು ಗುರುಸಿದ್ದವ್ವ ಕರೆದರೆ, "ನಮ್ಮವರ ಮುಂದನ ನಾಚಿಕಿ ಹೆಚ್ಚು, ಹೋಗವ್ವ," ಎನ್ನುತ್ತಿದ್ದ.

ಹೀಗಿರುವಾಗ ಶ್ರಾವಣ ಬಂತು, ನಾಗರ ಪಂಚಮಿ ಹತ್ತಿರವಾಯಿತು. ಹಿಂದಿನ ವರ್ಷ ಗುರುಸಿದ್ದವ್ವ ಎಲ್ಲರನ್ನೂ ಬಂಡಿಯಲ್ಲಿ ಕೂಡಿಸಿ ಊರಿನ ಹುಡುಗರ ಪಂದ್ಯ, ಹೆಣ್ಣುಮಕ್ಕಳ ಜೋಕಾಲಿ ತೋರಿಸಿಕೊಂಡು ಬಂದಿದ್ದಳು. ಹೋಗುವಾಗ ಇದ್ದ ಉಮೇದು ಬರುವಾಗ ಇರಲಿಲ್ಲ.

"ಈ ಸರ್ತಿ ಬಂಡಿ ಹೂಡಬ್ಯಾಡವ್ವ," ಎಂದು ಮಕ್ತುಮಬಿ ಮೊದಲೇ ಹೇಳಿದಳು. ಬದಾಮಿಯಿಂದ ಕೂಡಲಸಂಗಮದವರೆಗೆ ತಲೆಯ ಮೇಲೆ ಬಳೆ ಹೊತ್ತು ಮಾರಿದ ಮುದುಕಿ ಅವಳು. ಛತ್ರದಲ್ಲಿ ತನ್ನ ಒಲೆ ತಾನೇ ಹೂಡಿಕೊಂಡು, ಪಡಸಾಲೆಯ ಆ ತುದಿಗೆ ಕೂತು ಉಣ್ಣುತ್ತಿದ್ದಳು. ಅವಳ ಮಾತು ಮಾತ್ರ ಈ ತುದಿಯವರೆಗೂ ಬರುತ್ತಿತ್ತು. "ಮಂದಿ ಜೀಕೂದು ನೋಡಿ ನೋಡಿ ನನ್ನ ಕುತಿಗಿ ನೋತು. ಆಡಸೂದಿದ್ರ ನಮ್ಮನ್ನ ಆಡಸು."

ಗುರುಸಿದ್ದವ್ವ ಎರಡು ದಿನ ಯೋಚನೆ ಮಾಡಿದಳು. ಆಟ ಅವೇ ಇರಲಿ, ಅಳತೆ ಇವರದಾಗಲಿ ಅಂದುಕೊಂಡಳು.

ಪಂಚಮಿಯ ಬೆಳಿಗ್ಗೆ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಳು. ಮಣೆ ಹಾಕಲಿಲ್ಲ. ಮಲಗುವ ಹೊರಸಿಗೇ ನಾಲ್ಕೂ ಮೂಲೆಗೆ ಹಗ್ಗ ಬಿಗಿದು, ಕೂತವರ ಪಾದ ನೆಲಕ್ಕೆ ತಾಗುವಷ್ಟು ತಗ್ಗಿಗೆ ಇಳಿಬಿಟ್ಟಳು. ಮೊದಲು ಹತ್ತಿದವಳು ಗುರುಲಿಂಗವ್ವ. ಕಿವಿ ಮಂದ, ಸ್ವಭಾವ ಅದಕ್ಕಿಂತ ಮೆತ್ತಗೆ. ಗುರುಸಿದ್ದವ್ವ ಹೆದರಿ ಹೆದರಿ ಒಂದು ಗೇಣು ತೂಗಿದಳು. ಮುದುಕಿ ಕಣ್ಣು ಮುಚ್ಚಿಕೊಂಡೇ ಗದರಿದಳು.

"ನಾ ಏನ್ ತೊಟ್ಟಲಾಗಿನ ಕೂಸೇನ? ಜೋರ ಜೀಕು."

ಆಮೇಲೆ ನಿಂಬೆಹಣ್ಣಿನ ಪಂದ್ಯ. ಊರಿನಲ್ಲಿ ಗಂಡಸರು ಹಣ್ಣು ಒಗೆಯುತ್ತ ಅದರ ಹಿಂದೆ ಓಡಿ ಗುಡ್ಡ ಮುಟ್ಟುತ್ತಾರೆ. ಇಲ್ಲಿ ಓಟ ಬೇಡ. ಜಗಲಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತು ಬುಟ್ಟಿಗೆ ಒಗೆದರಾಯಿತು. ಸೋತು ಯಾರಿಗೂ ಬೇಜಾರಾಗಬಾರದೆಂದು ಗುರುಸಿದ್ದವ್ವ ಬುಟ್ಟಿಯನ್ನು ಹತ್ತಿರವೇ ಇಟ್ಟಳು. ಎಲ್ಲರ ಹಣ್ಣೂ ಒಳಗೇ ಬಿದ್ದವು.

"ಇದು ಪಂದ್ಯ ಏನ?" ಎಂದಳು ಮಕ್ತುಮಬಿ. "ಬುಟ್ಟ್ಯಾಗ ಹಣ್ಣು ತುಂಬೂದು ಸಂತ್ಯಾಗ ದಿನಾ ಮಾಡ್ತಾರ. ದೂರ ಇಡವ್ವ. ಸೋತರ ನಾವೇನ ಸಾಯೂದಿಲ್ಲ."

ಬುಟ್ಟಿ ಬೇವಿನ ಬೊಡ್ಡೆಗೆ ಹೋಯಿತು. ಈಗ ಆಟಕ್ಕೆ ಜೀವ ಬಂತು. ಬೈಗುಳ ಬಂತು. ಹುನಗುಂದದ ಕಡೆಯ ಒಕ್ಕಲಿಗ ಅಮಾತೆಪ್ಪ, ಬೆಳೆ ಕಾಯುವಾಗ ಕವಣೆ ಬೀಸಿದ ತೋಳು ಅವನದು, ಬಲಗೈ ಎತ್ತಿ ಒಗೆದ ರಭಸಕ್ಕೆ ಹಣ್ಣು ಬುಟ್ಟಿಯ ಮೇಲೆ ಹಾದು ನೀರಿನ ಗಡಿಗೆಗೆ ಬಡಿಯಿತು. ಗಡಿಗೆ ಒಡೆದು ನೀರು ಅಂಗಳದ ತುಂಬ ಹರಿಯಿತು.

"ಕಾಕಾ, ಇನ್ನ ನೀವು ಎಡಗೈಲೆ ಒಗಿಯೂದು," ಎಂದು ಗುರುಸಿದ್ದವ್ವ ತೀರ್ಪು ಕೊಟ್ಟಳು. "ಇಲ್ಲಾಂದ್ರ ನಾಳಿ ಯಾರಿಗೂ ಕುಡ್ಯಾಕ ನೀರಿಲ್ಲ."

ಅಮಾತೆಪ್ಪ ಎಡಗೈಯಲ್ಲಿ ಒಗೆದ. ಹಣ್ಣು ಅವನ ಮೊಣಕಾಲ ಮುಂದೆಯೇ ಬಿತ್ತು. ಮತ್ತೆ ಒಗೆದ, ಅದು ಬದಿಗೆ ಹೋಗಿ ಗುರುಲಿಂಗವ್ವನ ಮಡಿಲು ಸೇರಿತು. ಎಲ್ಲರೂ ನಗುತ್ತಿರುವಾಗ ಒಳಗಿನಿಂದ ಒಂದು ದನಿ ಬಂತು.

"ಲೇ ಅಮಾತೆಪ್ಪ, ಮುಷ್ಟಿ ಬಿಗಿ ಹಿಡಿಬ್ಯಾಡೋ. ಬೆರಳ ತುದಿಯಿಂದ ಬಿಡು."

ಹೊಳಬಸಪ್ಪ ಕೋಣೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಒಳಗ ನಿಂತು ಹೇಳೂದು ಸಸಾರ ಐತಿ," ಎಂದ ಅಮಾತೆಪ್ಪ. "ಬಾ, ಒಗದು ತೋರಸು."

ಗುರುಸಿದ್ದವ್ವ ಬಿದ್ದ ಹಣ್ಣು ಆರಿಸತೊಡಗಿದಳು. ಕರೆದರೆ ತಿರುಗಿ ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಹೊಳಬಸಪ್ಪ ಕಾಲೆಳೆಯುತ್ತ ಬಂದು ಜಗಲಿಯ ಅಂಚಿಗೆ ಕೂತ, ಹಣ್ಣು ತೆಗೆದುಕೊಂಡ, ಒಗೆದ. ಹಣ್ಣು ತಗ್ಗಿನಲ್ಲೇ ಹಾರಿ ಬುಟ್ಟಿಯೊಳಗೆ ಬಿತ್ತು.

"ಮಗ್ಗದಾಗ ಎಡಗೈ ಬಲಗೈ ಅಂತ ಇಲ್ಲೋ," ಎಂದ. "ಈ ಕೈಯಿಂದ ಹೋದ ಲಾಳಿ ಆ ಕೈಯಿಂದ ತಿರುಗಿ ಬರಬೇಕು. ಎರಡೂ ಕೈಗೆ ಒಂದ ಮರ್ಯಾದಿ."

"ಮಗ್ಗದಾಗ ಒಂದ ಮರ್ಯಾದಿ ಇದ್ರ," ಮಕ್ತುಮಬಿಯ ದನಿ ಜಗಲಿಯ ಆ ತುದಿಯಿಂದ ಬಂತು, "ಗಂಗಾಳದಾಗ ಯಾಕ ಬ್ಯಾರೆ ಆತು, ಹೊಳಬಸಪ್ಪಣ್ಣ?"

ಎರಡು ವರ್ಷ ಯಾರೂ ಅವನ ಮುಂದೆ ಆಡದ ಮಾತು ಅದು. ಹೊಳಬಸಪ್ಪನ ಮುಖ ಕೆಂಪಾಯಿತು.

"ನಿನ್ನ ನಾಲಿಗಿಗೆ ಯಾರಾದ್ರೂ ಬೀಗ ಹಾಕಬೇಕಿತ್ತು."

"ನೀನ ಹಾಕು. ಎಡಗೈಲೆ ನನ್ನ ಗೆದ್ದ್ರ ನಾಳಿ ಹೊತ್ತು ಮುಳುಗೂತನಕ ನಾ ಮಾತಾಡೂದಿಲ್ಲ. ನೀ ಸೋತ್ರ ಇವತ್ತಿಂದ ಪಂಕ್ತ್ಯಾಗ ಕೂತು ಉಣಬೇಕು. ಆತೇನ?"

"ನೀ ಹೆಂಗಸು, ಎಡಗೈಲೆ ಏನ ಒಗಿತಿ?"

ಮಕ್ತುಮಬಿ ಎಡಗೈ ಎತ್ತಿದಳು. ಕೂತಲ್ಲಿಂದಲೇ ಒಂದು ಹಣ್ಣು ಒಗೆದಳು. ಅದು ನೆಟ್ಟಗೆ ಬುಟ್ಟಿಗೆ ಬಿತ್ತು.

"ಹುಟ್ಟಿದಾಗಿಂದ ನಾ ಎಡಚಿ," ಎಂದಳು. "ಉಣ್ಣೂಮುಂದ ಎಡಗೈ ಮುಂದ ಬಂತಂದ್ರ ನಮ್ಮವ್ವ ಸೌಟ ತಗೊಂಡು ಹೊಡಿತಿದ್ಲು. ಹೊಡಸ್ಕೊಂಡು ಹೊಡಸ್ಕೊಂಡು ಬಲಗೈಲೆ ಉಣ್ಣೂದು ಕಲತೆ. ಮಂದಿಗೆ ಬಳಿ ಇಡಸೂದು ಮಾತ್ರ ಎಡಗೈನ."

ಹೊಳಬಸಪ್ಪ ಎಡಗೈ ಮುಂದೆ ಚಾಚಿದ. "ಹಣ್ಣು ತಾ," ಎಂದ ಗುರುಸಿದ್ದವ್ವನಿಗೆ.

ಒಬ್ಬೊಬ್ಬರಿಗೆ ಐದು ಹಣ್ಣು. ಗುರುಸಿದ್ದವ್ವ ಬುಟ್ಟಿಯ ಹತ್ತಿರ ನಿಂತಳು. ಅಷ್ಟು ದೂರದ್ದು ನಿಚ್ಚಳವಾಗಿ ಕಾಣುವ ಕಣ್ಣು ಅಲ್ಲಿ ಅವಳದೊಂದೇ, ಹಾಗಾಗಿ ಅವಳು ಹೇಳಿದ್ದೇ ಖರೆ. ಮಕ್ತುಮಬಿಯದು ಮೂರು ಒಳಗೆ ಬಿದ್ದವು. ಹೊಳಬಸಪ್ಪನ ಮೊದಲ ನಾಲ್ಕರಲ್ಲಿ ಮೂರು ಬಿದ್ದವು. ಕೊನೆಯ ಹಣ್ಣನ್ನು ಅವನು ಅಂಗೈಯಲ್ಲಿ ಉರುಳಿಸುತ್ತ ಬಹಳ ಹೊತ್ತು ಕೂತ.

ಬೀಳಬಾರದು ಎಂದು ಗುರುಸಿದ್ದವ್ವ ಮನಸ್ಸಿನಲ್ಲೇ ಬೇಡಿಕೊಂಡಳು. ಅವನು ಸೋತರೆ ಇವತ್ತೇ ಪಂಕ್ತಿಗೆ ಬರುತ್ತಾನೆ. ಈ ಹಣ್ಣು ತಪ್ಪಿದರೆ ಇಬ್ಬರೂ ಸರಿಸಮ, ಮತ್ತೊಮ್ಮೆ ಒಗೆಸಬಹುದು. ಗೆದ್ದರೆ ಮುಗಿಯಿತು, ಅದೇ ಕೋಣೆ, ಅದೇ ಗೋಡೆ.

ಹಣ್ಣು ಬಂದು ಬುಟ್ಟಿಯ ಅಂಚಿಗೆ ತಾಗಿತು. ಅಂಚಿನ ಮೇಲೆ ಚೂರು ಉರುಳಿ ಒಳಗೆ ಇಳಿಯಿತು.

"ಬಿತ್ತೇನ?" ಎಂದ ಹೊಳಬಸಪ್ಪ.

ಹೊರಗೆ ಬಿತ್ತು ಎಂದುಬಿಟ್ಟರೆ ಯಾರಿಗೂ ತಿಳಿಯುವಂತಿರಲಿಲ್ಲ. ಗುರುಸಿದ್ದವ್ವ ತಲೆ ಎತ್ತಿ ನೋಡಿದಳು. ಮುದುಕ ಸತ್ತ ಕೈಯನ್ನು ತೊಡೆಯ ಮೇಲೆ ಮರೆತು, ಇಡೀ ಮೈಯನ್ನು ಮುಂದಕ್ಕೆ ಚಾಚಿ, ಬಾಯಿ ತೆರೆದು ಕಾಯುತ್ತಿದ್ದ. ಎರಡು ವರ್ಷದಲ್ಲಿ ಅವನು ಏನನ್ನಾದರೂ ಇಷ್ಟು ಆಸೆಯಿಂದ ಕೇಳಿದ್ದು ಇದೇ ಮೊದಲು.

"ಒಳಗ ಬಿದ್ದೈತ್ರಿ," ಎಂದಳು. "ಮುತ್ಯಾನ ಗೆದ್ದ."

ಅಮಾತೆಪ್ಪ ಕೇಕೆ ಹೊಡೆದ. ಮಕ್ತುಮಬಿ ಏನೋ ಹೇಳಲು ಹೋಗಿ, ಪಣ ನೆನಪಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗುರುಸಿದ್ದವ್ವ ಒಳಗೆ ಹೋಗಿ ಊಟಕ್ಕೆ ಬಡಿಸಿದಳು. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಜಡವಾಗಿತ್ತು. ದಿನದಂತೆ ಹೊಳಬಸಪ್ಪನ ಗಂಗಾಳ ಹಿಡಿದು ಕೋಣೆಗೆ ಹೋದಳು. ಕೋಣೆಯಲ್ಲಿ ಯಾರೂ ಇರಲಿಲ್ಲ.

"ಇಲ್ಲಿ ತಾರವ್ವ," ಎಂಬ ದನಿ ಪಡಸಾಲೆಯಿಂದ ಬಂತು.

ಅವನು ಪಂಕ್ತಿಯ ಕೊನೆಗೆ, ಮಕ್ತುಮಬಿಗೆ ಎದುರಾಗಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ನಡುವೆ ನಾಲ್ಕು ಮಾರಿನ ಅಂತರ.

"ಆ ಮುದುಕಿ ಸುಮ್ಮನ ಕೂತದ್ದು ನೋಡಾಕ ಪಣ ಗೆದ್ದೇನಿ. ಗೆದ್ದು ಒಳಗ ಹೋಗಿ ಗೋಡಿ ನೋಡ್ಲೇನು?"

ಗುರುಸಿದ್ದವ್ವ ಗಂಗಾಳ ಇಟ್ಟಳು, ಮುಖ ತೋರಿಸದೆ ಪಲ್ಯ ಬಡಿಸಿದಳು. ಹೊಳಬಸಪ್ಪ ಎಡಗೈಯಲ್ಲಿ ರೊಟ್ಟಿಯನ್ನು ಗಂಗಾಳಕ್ಕೆ ಒತ್ತಿ ಮುರಿದ. ಮೊದಲ ತುತ್ತಿನ ಪಲ್ಯ ಅರ್ಧ ಗಂಗಾಳಕ್ಕೇ ಉದುರಿತು. ಯಾರೂ ನೋಡಲಿಲ್ಲ, ನೋಡದಂತೆ ಎಲ್ಲರೂ ಮುತುವರ್ಜಿಯಿಂದ ಉಣ್ಣುತ್ತಿದ್ದರು.

ನೋಡಿದವಳು ಮಕ್ತುಮಬಿ ಒಬ್ಬಳೇ. ನೋಡಿ, ತನ್ನ ಬಲಗೈಯಲ್ಲಿದ್ದ ರೊಟ್ಟಿ ಚೂರನ್ನು ಎಡಗೈಗೆ ದಾಟಿಸಿ ಬಾಯಿಗೆ ಹಾಕಿಕೊಂಡಳು. ಸೌಟಿನ ಏಟಿಗೆ ಹೆದರಿ ಅವಳು ಆ ಕೈಯಲ್ಲಿ ಉಣ್ಣುವುದನ್ನು ಬಿಟ್ಟು ಅರವತ್ತು ವರ್ಷ ಮೀರಿರಬೇಕು. ಒಂದು ತುತ್ತು ಕೆಳಗೆ ಬಿತ್ತು. ಎತ್ತಿ ಬದಿಗಿಟ್ಟು ಇನ್ನೊಂದು ಮುರಿದುಕೊಂಡಳು.

ಹೊಳಬಸಪ್ಪ ಒಂದು ರೊಟ್ಟಿ ಮುಗಿಸಿದ. ಗುರುಸಿದ್ದವ್ವ ಕೇಳದೆಯೇ ಇನ್ನೊಂದು ಹಾಕಿದಳು. ಅದರ ಅರ್ಧಕ್ಕೆ ಬಂದು ಅವನು ಸುತ್ತ ನೋಡಿದ.

"ಗುರುಸಿದ್ದವ್ವ, ಪಣ ನಾಳಿಯಿಂದ ಹಿಡಿಯೂನು. ಆಕಿಗೆ ಮಾತಾಡಾಕ ಹೇಳು. ಊಟ ಭಾಳ ಸಪ್ಪಗಾಗೇತಿ."

ಮಕ್ತುಮಬಿ ಬಾಯಲ್ಲಿದ್ದ ತುತ್ತನ್ನು ಗಡಿಬಿಡಿಯಿಂದ ನುಂಗಿದಳು.

"ಮೀಸಿಗೆ ಪಲ್ಯ ಹತ್ತೇತಿ, ಒರಸ್ಕೊ," ಎಂದಳು. "ಆಗಿಂದ ನೋಡಾಕತ್ತೇನಿ. ಹೇಳಾಕ ಬರದ ಜೀವಾ ಹೋಗಿತ್ತು."