ಎಂಟರಲ್ಲಿ ಒಂದು ಪಾಲು

ಬೆಳಿಗ್ಗೆ ಆರೂಮುಕ್ಕಾಲಿಗೆ ಅಲೀನಾ ರಬ್ಬರ್ ಶೀಟ್ ಒತ್ತುವ ರೋಲರ್ ತಿರುಗಿಸುತ್ತ ನ್ಯೂಟ್ರಾನ್ ನಕ್ಷತ್ರದ ಭಾಷಣವನ್ನು ಮನೆಮಾತು ಬೆರೆಸಿ ಒಪ್ಪಿಸುತ್ತಿದ್ದಳು. ಹತ್ತೂವರೆಗೆ ಕಡಬದಲ್ಲಿ ತಾಲೂಕು ಮಟ್ಟದ ವಿಜ್ಞಾನ ಭಾಷಣ ಸ್ಪರ್ಧೆ. ಸಮಯ ಆರು ನಿಮಿಷ. ಮೊದಲ ಬಹುಮಾನದವರು ಮಾತ್ರ ಜಿಲ್ಲೆಗೆ. ಹತ್ತನೇ ತರಗತಿಯ ಅಲೀನಾಳಿಗೆ ಇದೇ ಕೊನೆಯ ಸಲ.

ರೋಲರಿನ ಆಚೆ ಬದಿಯಲ್ಲಿ ಅಜ್ಜಿ ಮರಿಯಕುಟ್ಟಿ. ಹಿಂದಿನ ದಿನ ಡಿಶ್ ಎಂಬ ತಟ್ಟೆಗಳಲ್ಲಿ ಆಸಿಡ್ ಹಾಕಿ ಹೆಪ್ಪುಗಟ್ಟಿಸಿದ್ದ ರಬ್ಬರ್ ಹಾಲಿನ ಗಟ್ಟಿಗಳನ್ನು ಒಂದೊಂದಾಗಿ ರೋಲರಿಗೆ ಕೊಡುತ್ತಿದ್ದರು.

"ಕನ್ನಡದಲ್ಲೇ ಹೇಳು ಮೋಳೆ. ಜಡ್ಜಿಗೆ ನಮ್ಮ ಮಲಯಾಳ ಬರ್ಲಿಕ್ಕಿಲ್ಲ."

"ಇದರ ಅಡ್ಡಳತೆ ಸುಮಾರು ಇಪ್ಪತ್ತನಾಲ್ಕು ಕಿಲೋಮೀಟರ್. ಸುಳ್ಯದಿಂದ ಸಂಪಾಜೆಗೆ ಹೋದಷ್ಟು. ಭಾರ ಒಂದೂವರೆ ಸೂರ್ಯರಷ್ಟು. ಒಂದು ಚಮಚ ತೆಗೆದರೆ ಇನ್ನೂರು ಕೋಟಿ ಟನ್."

"ಅದಕ್ಕಾಗುವ ಚಮಚ ಯಾವ ಅಂಗಡಿಯಲ್ಲಿ ಉಂಟು?"

"ಸುಮ್ಮನಿರಿ ಅಮ್ಮಚ್ಚಿ! ದೊಡ್ಡ ನಕ್ಷತ್ರದ ಉರಿ ಮುಗಿದಾಗ ಅದು ಕುಸಿದು, ರಬ್ಬರ್ ಶೀಟಿನ ಹಾಗೆ ಒತ್ತಿಕೊಂಡು ಗಟ್ಟಿಯಾಗುತ್ತದೆ."

ಮರಿಯಕುಟ್ಟಿಯ ಕೈ ನಿಂತಿತು.

"ಶೀಟಿನ ಹಾಗೆ ಅಂತ ಹೇಗೆ ಹೇಳುದು? ಡಿಶ್‌ಗೆ ನೀರು ಸೇರಿ ನಾಲ್ಕು ಲೀಟರ್ ಹೊಯ್ತೇವೆ. ಒಣಗಿದ ಮೇಲೆ ಸಿಗುದು ಅರ್ಧ ಕಿಲೋ. ಬಾಕಿದ್ದೆಲ್ಲ ನೀರಾಗಿ ಹೋಯ್ತು. ನಿನ್ನ ನಕ್ಷತ್ರದಿಂದ ಎಂತ ಹೋಗುದು?"

ಅಲೀನಾಳಿಗೆ ಗೊತ್ತಿರಲಿಲ್ಲ. ಶೀಟಿನ ಹೋಲಿಕೆ ಯಾವ ಪುಸ್ತಕದ್ದೂ ಅಲ್ಲ, ಅವಳದೇ. ತೀರ್ಪುಗಾರರೂ ಇದನ್ನೇ ಕೇಳಿದರೆ?

ಕಡಬದ ಬಸ್ ನಿಲ್ದಾಣದಲ್ಲಿ ವಿಜ್ಞಾನದ ಟೀಚರ್ ಫರ್ಝಾನಾ ಕಾಯುತ್ತಿದ್ದರು. ಅಲೀನಾ ಬಸ್ಸಿನಿಂದ ಇಳಿಯುತ್ತಲೇ ಅಜ್ಜಿಯ ಪ್ರಶ್ನೆಯನ್ನೇ ಕೇಳಿದಳು.

"ಹೊರಗಿನದ್ದೆಲ್ಲ ಸಿಡಿದು ಹೋಗುದು. ಕುಸಿದು ಉಳಿಯುದು ನಡುವಿನದ್ದು ಮಾತ್ರ," ಎಂದರು ಟೀಚರ್. "ಹನ್ನೆರಡು ಸೂರ್ಯರ ಭಾರದ್ದು ಅಂತ ಇಟ್ಕೋ. ಕಡೆಗೆ ಒಂದೂವರೆ ಉಳಿದೀತು. ಅದನ್ನೆಲ್ಲ ಹೇಳ್ಲಿಕ್ಕೆ ಹೋದ್ರೆ ಟೈಮ್ ಸಾಕಾಗುದಿಲ್ಲ. ಶೀಟಿನ ಮಾತು ತೆಗೆದುಬಿಡು. ಚಮಚ ಮಾತ್ರ ಬಿಡ್ಬೇಡ, ಜನ ಬಾಯಿ ಬಿಡುದು ಅದಕ್ಕೇ."

ಸರದಿ ಕಾಯುತ್ತ ಬೆಂಚಿನ ಮೇಲೆ ಕೂತು ಅಲೀನಾ ಭಾಗಿಸಿ ನೋಡಿದಳು. ಹನ್ನೆರಡರಲ್ಲಿ ಒಂದೂವರೆ, ಎಂಟರಲ್ಲಿ ಒಂದು ಪಾಲು. ನಾಲ್ಕು ಲೀಟರಿಗೆ ಅರ್ಧ ಕಿಲೋ ಎಂದರೂ ಅಷ್ಟೇ. ಅಮ್ಮಚ್ಚಿಯ ಡಿಶ್‌ನ ಲೆಕ್ಕವೇ. ಇನ್ನು ಅದನ್ನು ಬಿಡಲು ಮನಸ್ಸು ಬರಲಿಲ್ಲ.

ವೇದಿಕೆಯಲ್ಲಿ ಅವಳು ರಬ್ಬರ್ ಹಾಲಿನಿಂದಲೇ ಶುರು ಮಾಡಿದಳು. ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂದು ಬಿಡಿಸಿ ಹೇಳಿದಳು. ಸಭೆಯ ಹಿಂದಿನ ಸಾಲಿನಲ್ಲಿದ್ದ ಬೆಳೆಗಾರ ಪೋಷಕರು ತಲೆಯಾಡಿಸಿದರು. ಸುಳ್ಯ, ಸಂಪಾಜೆ ಬಂದವು. "ಅದರ ಒಂದು ಚಮಚ..." ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ತೀರ್ಪುಗಾರ ಶ್ರೀರಾಮ ಮೇಷ್ಟ್ರು ಕೈ ಎತ್ತಿದರು. ನಿಯಮ ನಿಯಮವೇ.

ಅವಳಿಗೆ ಎರಡನೇ ಬಹುಮಾನ.

ಸಂಜೆ ಮರಿಯಕುಟ್ಟಿ ಬಹುಮಾನದ ವಿಷಯ ಎತ್ತಲಿಲ್ಲ. "ಎಂತ ಹೋಗುದಂತೆ?" ಎಂದು ಕೇಳಿದರು. ಅಲೀನಾ ಹೇಳಿದಳು. ಚಮಚದ್ದನ್ನೂ ಪೂರ್ತಿ ಹೇಳಿದಳು.

ಜಿಲ್ಲಾ ಸ್ಪರ್ಧೆಗೆ ನೆಲ್ಯಾಡಿಯ ಆಯಿಶತ್ ಶಿಫಾ ಹೋದಳು. ಅವಳ ವಿಷಯ ಜೇನುಹುಳ.