ನಿಂತ ಕಾರನ್ನು ಕಾಯುವ ಔಡುನ್

ಹೇಗಿದ್ದೀರಿ ಎಂದು ಕೇಳಿದರೆ ಔಡುನ್ ಒಂದು ಅಂಕಿ ಹೇಳುತ್ತಿದ್ದರು. ಒಂದು ವಾರ "ಎಂಬತ್ತೊಂದು" ಅನ್ನುವರು. ಮುಂದಿನ ವಾರ "ಎಪ್ಪತ್ನಾಲ್ಕು, ಮೇಷ್ಟ್ರೇ," ಅನ್ನುವರು, ಧ್ವನಿಯನ್ನು ಕೊಂಚ ತಗ್ಗಿಸಿ. ಹೊಸಬರು ಯಾರಾದರೂ ಕೇಳಿದ್ದರೆ ಪಾಪ, ಮನುಷ್ಯನಿಗೆ ಏನೋ ಕಾಯಿಲೆ ಅಂದುಕೊಳ್ಳಬೇಕು. ಅದು ಅವರ ಮನೆಯ ಕರೆಂಟು ಕಾರಿನ ಬ್ಯಾಟರಿಯಲ್ಲಿ ಶೇಕಡಾ ಲೆಕ್ಕದಲ್ಲಿ ಉಳಿದಿದ್ದ ಚಾರ್ಜು. ಆ ಕಾರಾದರೋ ನಮ್ಮ ದ್ವೀಪದಲ್ಲೇ ಇರಲಿಲ್ಲ; ಫೆರಿ ದೋಣಿಯಲ್ಲಿ ಕಡಲು ದಾಟಿ, ಅಲ್ಲಿಂದ ಐದು ಗಂಟೆ ಬೆಟ್ಟ ಸುರಂಗಗಳ ದಾರಿ ಸವೆಸಿದ ಮೇಲೆ ಸಿಗುವ ಬೆರ್ಗೆನ್ ಬಂದರಿನ ಧಕ್ಕೆಯಲ್ಲಿ ನವೆಂಬರಿನಿಂದ ನಿಂತಲ್ಲೇ ನಿಂತಿತ್ತು.

ನಾನು ಈ ಶಾಲೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಬಂದ ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದದ್ದು ಔಡುನರ ನಡಿಗೆ. ಸಮತಟ್ಟಾದ ರಸ್ತೆಯಲ್ಲೂ ಅವರು ಎದುರಿಗೆ ಮೆಟ್ಟಿಲಿದೆಯೆಂಬಂತೆ ಪಾದ ಎತ್ತಿ ಎತ್ತಿ ಇಡುತ್ತಾರೆ. ದೇಹ ಸದಾ ಎಡಕ್ಕೆ ಒಂದಿಷ್ಟು ವಾಲಿರುತ್ತದೆ. ನಮ್ಮ ದ್ವೀಪದ ತುದಿಯ ದೀಪಸ್ತಂಭದಲ್ಲಿ ಅವರು ಕಾವಲುಗಾರರಾಗಿದ್ದರು. ಸುರುಳಿಯಾಗಿ ಎಡಕ್ಕೆ ತಿರುಗುತ್ತ ಏರುವ ನೂರ ಹದಿನೇಳು ಮೆಟ್ಟಿಲನ್ನು ಹತ್ತೊಂಬತ್ತು ವರ್ಷ ಹತ್ತಿ ಇಳಿದವರ ಕಾಲಿಗೆ ನೆಲ ಮರೆತುಹೋದರೆ ಯಾರು ಏನು ಮಾಡಬೇಕು? ಇಲಾಖೆ ಕೊಟ್ಟ ದಪ್ಪ ಉಣ್ಣೆಯ ನೀಲಿ ಕೋಟು ಈಗಲೂ ಮೈಮೇಲಿದೆ. ಅದರ ಹಿತ್ತಾಳೆಯ ಗುಂಡಿಗಳಲ್ಲಿ ಒಂದು ಮಾತ್ರ ಉಳಿದು, ಮಿಕ್ಕವುಗಳ ಜಾಗದಲ್ಲಿ ಹೆಂಡತಿ ಗುನ್ವೋರ್ ಕೈಗೆ ಸಿಕ್ಕ ಬಣ್ಣದ ಗುಂಡಿಗಳನ್ನು ಹೊಲಿದಿದ್ದಾರೆ. "ಹೂಂ" ಅನ್ನುವಾಗ ಉಸಿರನ್ನು ಒಳಕ್ಕೆಳೆದುಕೊಂಡು ಅನ್ನುವುದು ಈ ಕಡೆಯವರೆಲ್ಲರ ರೂಢಿ. ಔಡುನ್ ಮಾತ್ರ ಎಷ್ಟು ದೀರ್ಘವಾಗಿ ಎಳೆಯುತ್ತಾರೆಂದರೆ, ಹೇಳಬೇಕೆಂದಿದ್ದ ಮಾತೂ ಅದರೊಡನೆ ಒಳಗೇ ಹೋಗಿಬಿಡುತ್ತದೆ.

ದೀಪಸ್ತಂಭಕ್ಕೆ ತಾನೇ ಹೊತ್ತಿ ತಾನೇ ಆರುವ ಯಂತ್ರ ಬಂದಾಗ ಅವರಿಗೆ ನಲವತ್ತರ ಆಸುಪಾಸು. ಯಂತ್ರ ಬಂದ ಮೇಲೂ ಎರಡು ತಿಂಗಳು ದಿನಾ ಮೇಲೆ ಹತ್ತಿ, ದೀಪ ಸರಿಯಾಗಿದೆಯೇ ಎಂದು ನೋಡಿ ಬರುತ್ತಿದ್ದರು. ಕೊನೆಗೆ ಇಲಾಖೆಯವರು ಬೀಗದಕೈ ಕೇಳಿ ಪತ್ರ ಬರೆಯಬೇಕಾಯಿತು. "ನೋಡಿದರೆ ಅದಕ್ಕೇನು ನಷ್ಟ, ಮೇಷ್ಟ್ರೇ?" ಎಂದು ಅಂದು ಅವರು ನನ್ನನ್ನು ಕೇಳಿದ್ದು ನನಗಿನ್ನೂ ನೆನಪಿದೆ. ಬೀಗದಕೈ ಹೋಯಿತು, ಅಭ್ಯಾಸ ಹೋಗಲಿಲ್ಲ. ಮೂರು ಗಂಟೆಗೊಮ್ಮೆ ಗಾಳಿ ಯಾವ ಕಡೆಯದು, ಕಡಲು ಹೇಗಿದೆ ಎಂದು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿ, ಯಾರೂ ಕೇಳದ ಆ ವರದಿಯನ್ನು ಹಳೆಯ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು.

ಗುನ್ವೋರ್ ಹಡಗಿನ ಅಡುಗೆಯವರು. ದಕ್ಷಿಣ ಧ್ರುವದ ಕಡೆ ಸಂಶೋಧನೆಗೆ ಹೋಗುವ ಹಡಗಿನಲ್ಲಿ ಮೂವತ್ತು ಜನರಿಗೆ ಅನ್ನ ಬೇಯಿಸಿ ಹಾಕುವ ಕೆಲಸ. ನವೆಂಬರಿನಲ್ಲಿ ಹೊರಟರೆ ಬರುವುದು ಫೆಬ್ರುವರಿ ಕೊನೆಗೆ. ಮಕ್ಕಳಿಲ್ಲ. ಔಡುನರ ಕಣ್ಣು ಮಂಜಾಗಿ ಲೈಸೆನ್ಸು ಹೋಗಿ ಆರು ವರ್ಷ, ಹಾಗಾಗಿ ಕಾರು ಹೆಂಡತಿಯದೇ. ಧಕ್ಕೆಯಲ್ಲಿ ಚಾರ್ಜು ಹಾಕುವ ಸೌಕರ್ಯವಿಲ್ಲ. ತೊಂಬತ್ತು ತುಂಬಿಸಿ ನಿಲ್ಲಿಸಿದರೆ ಮೂರು ತಿಂಗಳಿಗೆ ಹತ್ತೋ ಹದಿನೈದೋ ಇಳಿದೀತು ಎಂದು ಮಾರಿದವನು ಹೇಳಿದ್ದನಂತೆ. ಹೋಗುವ ಮುನ್ನ ಗುನ್ವೋರ್ ಗಂಡನ ಫೋನಿಗೆ ಕಾರಿನ ಆಪ್ ಹಾಕಿಕೊಟ್ಟರು. ಚಾರ್ಜು ಎಷ್ಟಿದೆ, ಒಳಗೆ ಚಳಿ ಎಷ್ಟು, ಎಲ್ಲಿ ನಿಂತಿದೆ, ಎಲ್ಲ ಅದರಲ್ಲಿ ಕಾಣುತ್ತದೆ. "ಬೇಜಾರಾದಾಗ ನೋಡ್ಕೋ," ಅಂದರಂತೆ ನಗುತ್ತ.

ಅದೇ ತಪ್ಪಾಯಿತು ನೋಡಿ. ಬೇಜಾರು ಈ ಮನುಷ್ಯನಿಗೆ ಯಾವಾಗ ಇರಲಿಲ್ಲ? ಮೊದಲು ಗಾಳಿ, ಕಡಲುಗಳ ಜೊತೆಗೆ ಮೂರು ಗಂಟೆಗೊಮ್ಮೆ ಕಾರು. ಮಾರಿದವನ ಲೆಕ್ಕಕ್ಕಿಂತ ಬೇಗ ಇಳಿಯುತ್ತಿದೆಯೆಂದು ಗಾಬರಿಯಾದ ಮೇಲೆ ಗಂಟೆಗೊಮ್ಮೆ. ಕೋಟಿನ ಎದೆಯ ಜೇಬಿಗೆ ಕೈ ಹೋಗುವುದು, ಫೋನನ್ನು ಮೂಗಿನ ತನಕ ತಂದು ಮಂಜುಗಣ್ಣು ಕಿರಿದು ಮಾಡುವುದು, ತುಟಿ ಬಿಗಿಯುವುದು. "ಒಳಗೆ ಮೈನಸ್ ನಾಲ್ಕು," ಎಂದು ನನಗೆ ಹೇಳುವರು, ಆ ಚಳಿಯಲ್ಲಿ ಯಾರೋ ಕೂತಿದ್ದಾರೇನೋ ಅನ್ನುವ ಕಳವಳದಲ್ಲಿ. ಚಳಿಯೇ ಚಾರ್ಜನ್ನು ತಿನ್ನುತ್ತಿದೆ ಎಂಬುದು ಅವರ ತೀರ್ಮಾನ. ದೂರದಿಂದಲೇ ಕಾರನ್ನು ಬೆಚ್ಚಗೆ ಮಾಡುವ ಒಂದು ಗುಂಡಿ ಆಪ್‌ನಲ್ಲಿದೆ. ಅದನ್ನು ಅವರು ಒಮ್ಮೆಯೂ ಮುಟ್ಟಲಿಲ್ಲ. "ಒಂದು ಚೂರೂ ಪೋಲು ಮಾಡಿಲ್ಲ, ಬರೀ ನೋಡೋದು," ಅನ್ನುವರು ಹೆಮ್ಮೆಯಿಂದ.

ಅಂಗಡಿಯ ಬೋರ್ಗಿಲ್ಡ್ ಬಾಯಿ ಬಿಗಿಹಿಡಿಯುವ ಹೆಂಗಸಲ್ಲ. "ಅಲ್ಲಯ್ಯಾ ಔಡುನ್, ಹೆಂಡ್ತಿ ಹೇಗಿದ್ದಾಳೆ ಅಂದ್ರೆ ಕಾರಿನ ಸುದ್ದಿ ಹೇಳ್ತೀಯಲ್ಲ, ಮದುವೆ ಆಗಿದ್ದು ಯಾರನ್ನ?" ಎಂದು ಎಲ್ಲರೆದುರು ಕೇಳಿದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಔಡುನ್ ಉಸಿರೆಳೆದುಕೊಂಡು "ಹೂಂ" ಎಂದು ಬ್ರೆಡ್ಡು ಎತ್ತಿಕೊಂಡು ಹೊರಟರು. ಹಡಗಿಗೆ ಭಾನುವಾರಕ್ಕೊಮ್ಮೆ ಹತ್ತು ನಿಮಿಷ ಫೋನು ಸಿಗುತ್ತಿತ್ತು. ಆ ಹತ್ತು ನಿಮಿಷವನ್ನೂ ಅವರು ಕಾರಿನ ಮಾತಿಗೇ ಕೊಡುತ್ತಿದ್ದರೆಂದು ಆಮೇಲೆ ನನಗೆ ಗೊತ್ತಾಯಿತು.

ಜನವರಿಯ ಒಂದು ಮಧ್ಯಾಹ್ನ, ಶಾಲೆಯ ಗೋಡೆಗೆ ಆತು ನಿಂತು, ನಾನು ಕೇಳದೆಯೇ ಅವರು ಹೇಳಿದರು: "ಮುಂದಿನ ವರ್ಷಕ್ಕೂ ಬರ್ತೀಯಾ ಅಂತ ಹಡಗಿನೋರು ಅವಳನ್ನ ಕೇಳಿದ್ದಾರೆ. ಮನೆಗೆ ಬಂದು ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾಳಂತೆ."

"ನೀವೇನಂದಿರಿ?"

"ಏನೂ ಅನ್ಲಿಲ್ಲ. ಫೋನಲ್ಲಿ ಹೇಳೋ ಮಾತಾ ಅದು? ಮುಂದಿನ ತಿಂಗಳ ಕೊನೇ ಶನಿವಾರದ ಫೆರಿಗೆ ಬರ್ತಾಳೆ, ಎದುರಿಗೆ ಕೂತಾಗ ಇರು ಅಂತೀನಿ. ಈ ಸಲ ಅಂದೇ ಅಂತೀನಿ." ಹೊರಡಲು ತಿರುಗಿದವರು, "ಹನ್ನೆರಡು ಚಳಿಗಾಲ ಒಬ್ಬನೇ ಕಳೆದಿದ್ದೀನಿ, ಮೇಷ್ಟ್ರೇ. ಹದಿಮೂರನೇದು ನನ್ನ ಕೈಲಾಗಲ್ಲ," ಅಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಚಳಿಗಾಲದಲ್ಲಿ ನಮಗೆ ಫೆರಿ ಬುಧವಾರ, ಶನಿವಾರ ಎರಡೇ ದಿನ. ಹಡಗು ಬೆರ್ಗೆನ್ ಧಕ್ಕೆ ಸೇರುವುದು ಫೆಬ್ರುವರಿ ಕೊನೆಯ ಶನಿವಾರ ಬೆಳಿಗ್ಗೆ. ಹಡಗಿನವರಿಗೆ ಉತ್ತರ ಮುಟ್ಟಬೇಕಾದದ್ದು ಭಾನುವಾರ ಮಧ್ಯಾಹ್ನದೊಳಗೆ. ಅದಕ್ಕೆ ಹಿಂದಿನ ಮಂಗಳವಾರ ಕಾರಿನಲ್ಲಿ ಒಂಬತ್ತು ಉಳಿದಿತ್ತು. ಊರೊಳಗಿನ ಚಾರ್ಜಿಂಗ್ ಜಾಗ ಮುಟ್ಟಲು ಅಷ್ಟು ಸಾಕೇ ಸಾಕು ಎಂದು ಔಡುನ್ ನನಗೆ ಲೆಕ್ಕ ಹಾಕಿ ತೋರಿಸಿದರು. ಸಾಕು ಅನ್ನುವುದನ್ನು ಖಚಿತಪಡಿಸಿಕೊಳ್ಳಲು ಹತ್ತು ನಿಮಿಷಕ್ಕೊಮ್ಮೆ ನೋಡತೊಡಗಿದರು. ಶುಕ್ರವಾರ ಸಂಜೆ ಪರದೆಯ ಮೇಲೆ ಅಂಕಿಯೇ ಇರಲಿಲ್ಲ. ನೆಟ್‌ವರ್ಕ್ ಇರಲಾರದು ಎಂದುಕೊಂಡರು.

ಶನಿವಾರ ಬೆಳಿಗ್ಗೆ ನಾನು ಅವರ ಅಡುಗೆಮನೆಯಲ್ಲಿದ್ದೆ. ಫೆಬ್ರುವರಿಯ ಕಾಡ್ ಮೀನು, ಅದರದೇ ಲಿವರು, ಅದರದೇ ಮೊಟ್ಟೆ, ಮೂರನ್ನೂ ಬೇರೆಬೇರೆ ಪಾತ್ರೆಯಲ್ಲಿ ಬೇಯಿಸಿ ಒಂದೇ ತಟ್ಟೆಗೆ ಬಡಿಸುವ ಊಟ ಗುನ್ವೋರ್‌ಗೆ ಪ್ರಾಣ. ಔಡುನ್ ಮೀನು ಹೆಚ್ಚುತ್ತಿದ್ದರು, ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಫೋನು ಬಂತು. ಕೈಯೆಲ್ಲ ಮೀನಾದ್ದರಿಂದ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ಕಾರು ಸತ್ತುಹೋಗಿದೆ," ಅಂದರು ಗುನ್ವೋರ್. "ಬಾಗಿಲೂ ತೆಗೀತಿಲ್ಲ. ಎಳೆದುಕೊಂಡು ಹೋಗೋರು ಬರೋದು ಸೋಮವಾರ ಅಂತೆ. ಬಸ್ಸು ಆಗಲೇ ಹೋಗಿದೆ."

"ಮಂಗಳವಾರ ಒಂಬತ್ತಿತ್ತು!" ಔಡುನ್ ಚಾಕು ಹಿಡಿದೇ ನಿಂತಿದ್ದರು. "ಗುರುವಾರ ಬೆಳಿಗ್ಗೆ ಐದು. ಚಳಿ ನೋಡು, ಮೈನಸ್ ಏಳು ಇತ್ತು."

"ಆಯ್ತು, ಬಿಡು. ಬುಧವಾರ ಬರ್ತೀನಿ." ಆ ಕಡೆ ಗಾಳಿಯ ಸದ್ದು. "ಔಡುನ್, ನಾಳೆ ಅವರಿಗೆ ಉತ್ತರ ಕೊಡ್ಬೇಕು. ಏನು ಹೇಳ್ಲಿ?"

ನಾನು ಆಲೂಗಡ್ಡೆ ಕೆಳಗಿಟ್ಟೆ. ಹೇಳಯ್ಯಾ, ಒಂದೇ ಒಂದು ಮಾತು, ಹೇಳಿಬಿಡು ಎಂದು ಮನಸ್ಸಿನಲ್ಲೇ ಅರಚಿಕೊಂಡೆ. ಔಡುನ್ ಉಸಿರನ್ನು ಒಳಕ್ಕೆಳೆದುಕೊಂಡರು.

"ಬಾಗಿಲಿಗೆ ಕೀ ಹಾಕೋ ತೂತು ಇರುತ್ತೆ, ಹಿಡಿಕೆ ಕೆಳಗೆ," ಅಂದರು. "ಮೊದಲು ಅದನ್ನ ನೋಡು."

"ಹೂಂ," ಅಂದರು ಗುನ್ವೋರ್. ಫೋನು ಇಟ್ಟರು. ಅಷ್ಟು ಮೀನನ್ನು ನಾವಿಬ್ಬರೇ ಕೂತು ತಿಂದೆವು. ನನಗೆ ಸಿಟ್ಟು ಬಂದಿತ್ತು. ಅವರ ಮುಖ ನೋಡಿದ ಮೇಲೆ ಪಾತ್ರೆ ತೊಳೆಯಲು ಎದ್ದೆ.

ಬುಧವಾರ ಗುನ್ವೋರ್ ಬಂದರು. ಸಂಜೆಯ ಕಾಫಿಗೆ ನನ್ನನ್ನೂ ಕರೆದಿದ್ದರು; ಗಂಡಹೆಂಡಿರ ನಡುವೆ ಮೂರನೆಯವನೊಬ್ಬ ಬೇಕೆನಿಸುವ ಸಂಜೆಗಳೂ ಇರುತ್ತವೆ. ಕೋಟು ಬಿಚ್ಚುತ್ತ ಗುನ್ವೋರ್ ಗಂಡನನ್ನು ಕೇಳಿದರು: "ದಿನಕ್ಕೆ ಎಷ್ಟು ಸಲ ನೋಡ್ತಿದ್ದೆ?"

"ಮೊದಲು ಮೂರು ಗಂಟೆಗೊಂದು ಸಲ."

"ಆಮೇಲೆ?"

"ಇಳೀತಿತ್ತಲ್ಲ. ಇಳೀತಾ ಇದ್ರೆ ನೋಡಬೇಡ್ವಾ?"

"ಅದು ಸುಮ್ಮನೆ ನಿಂತಾಗ ನಿದ್ದೆ ಮಾಡುತ್ತಂತೆ. ನೀನು ಫೋನಲ್ಲಿ ತೆಗೆದು ನೋಡಿದಾಗಲೆಲ್ಲ ಎದ್ದು ಕೂತು ನಿನಗೆ ಉತ್ತರ ಕೊಡುತ್ತೆ. ಮತ್ತೆ ಮಲಗೋಕೆ ಎಷ್ಟೋ ಹೊತ್ತು. ಎಳೆದುಕೊಂಡು ಹೋದವನು ಹೇಳಿದ, ಅಮ್ಮಾ, ಇದನ್ನ ಚಳಿ ತಿಂದಿಲ್ಲ, ಯಾರೋ ಎಬ್ಬಿಸಿ ಎಬ್ಬಿಸಿ ಸಾಯಿಸಿದ್ದಾರೆ ಅಂತ."

ಔಡುನ್ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಹತ್ತೊಂಬತ್ತು ವರ್ಷ ಅವರು ಕಾದ ದೀಪ, ನೋಡಿದರು ಎಂಬ ಕಾರಣಕ್ಕೆ ಒಂದು ದಿನವೂ ಕುಂದಿರಲಿಲ್ಲ. ಕಾಫಿ ಮುಗಿಸಿ ಕಪ್ಪು ಕೆಳಗಿಟ್ಟು, "ಹಡಗಿನೋರಿಗೆ ಏನಂದೆ?" ಎಂದು ಕೇಳಿದರು.

"ಬರ್ತೀನಿ ಅಂದೆ."

"ನಾನು ಇರು ಅನ್ನೋಣ ಅಂತಿದ್ದೆ."

ಗುನ್ವೋರ್ ಗಂಡನನ್ನೇ ನೋಡಿದರು. "ದಿನಕ್ಕೆ ಅಷ್ಟು ಸಲ ಕಾರನ್ನ ಕೇಳಿದ್ಯಲ್ಲೋ," ಅಂದರು. "ಒಂದು ಸಲ ನನ್ನ ಕೇಳಿದ್ರೆ ಆಗ್ತಿರಲಿಲ್ವಾ?"

ನಾನು ಹೆಚ್ಚು ಹೊತ್ತು ಕೂರಲಿಲ್ಲ.

ಈಗ ಮತ್ತೆ ನವೆಂಬರು. ಗುನ್ವೋರ್ ಹೋಗಿದ್ದಾರೆ, ಕಾರು ತೊಂಬತ್ತು ತುಂಬಿಕೊಂಡು ಧಕ್ಕೆಯಲ್ಲಿ ನಿಂತಿದೆ. ಹೋಗುವ ಮುನ್ನ ಗಂಡನ ಫೋನಿನಿಂದ ಆಪ್ ತೆಗೆದುಹಾಕಿದ್ದಾರೆ. ಮೊನ್ನೆ ದಾರಿಯಲ್ಲಿ ಸಿಕ್ಕ ಔಡುನರನ್ನು ಹಳೆಯ ಅಭ್ಯಾಸದಂತೆ ಹೇಗಿದ್ದೀರಿ ಎಂದು ಕೇಳಿಬಿಟ್ಟೆ. ಕೈ ಎದೆಯ ಜೇಬಿನ ತನಕ ಹೋಗಿ ಬರಿದೇ ವಾಪಸು ಬಂತು. ಇಲ್ಲದ ಮೆಟ್ಟಿಲನ್ನು ಹತ್ತುತ್ತ ನಾಲ್ಕು ಹೆಜ್ಜೆ ನನ್ನ ಜೊತೆ ನಡೆದರು.

"ಒಬ್ಬನೇ ಇರೋಕೆ ಆಗ್ತಿಲ್ಲ, ಮೇಷ್ಟ್ರೇ."

"ಅವರಿಗೆ ಹೇಳಿದಿರಾ?"

"ಭಾನುವಾರ ಹೇಳಿದೆ, ಫೋನಲ್ಲೇ. ಅಷ್ಟು ಹೊತ್ತು ಸುಮ್ಮನಿದ್ದಳು, ಲೈನು ಹೋಯ್ತೇನೋ ಅಂದ್ಕೊಂಡೆ. ಆಮೇಲೆ, ಇನ್ನೊಂದು ಸಲ ಹೇಳು ಅಂದಳು."

ಕಾಯುವುದನ್ನೇ ಕಸುಬು ಮಾಡಿಕೊಂಡ ಜನ ಎಲ್ಲ ಊರಲ್ಲೂ ಇದ್ದಾರೆ. ಅವರ ನಿಷ್ಠೆಗೆ ಕುಂದಿಲ್ಲ, ಅವರ ಪ್ರೀತಿಯನ್ನು ಯಾರೂ ಅನುಮಾನಿಸುವಂತಿಲ್ಲ. ಆದರೆ ಆ ಪ್ರೀತಿಯನ್ನೆಲ್ಲ ಅವರು ಕಣ್ಣಿಗೇ ಕೊಟ್ಟು, ನಾಲಗೆಯನ್ನು ಉಪವಾಸ ಕೆಡವಿರುತ್ತಾರೆ. ಸಾವಿರ ಸಲ ಇಣುಕಿ ನೋಡಿ, ಕ್ಷೇಮವಾಗಿದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವ ಇವರಿಗೆ, ಇರು ಅನ್ನುವ ಎರಡಕ್ಷರ ಬಾಯಿಗೆ ಬರಲು ಒಂದು ಚಳಿಗಾಲ ಪೂರ್ತಿ ಹಾಳಾಗಬೇಕು.